ಆ ತಗಡು ಬಿಚ್ಚಬೇಡ

ತಪ್ಪು ನಿಂದೇ ಕಣೋ. ಹೋದ ವಾರ ಬಂದು ಪರದೆಗೆ ಅದೇನೋ ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಿ ಹೋದ್ಯಲ್ಲ, ಅವತ್ತಿಂದಲೇ ಕೆಟ್ಟಿದ್ದು ಈ ಕಂಪ್ಯೂಟರು. ಜೋಡಿಸಿದ್ದೂ ನೀನೇ, ಕೆಡಿಸಿದ್ದೂ ನೀನೇ, ಈಗ ಮುಖ ಊದಿಸ್ಕೊಂಡು ನಿಂತ್ರೆ ಹೇಗೆ? ಕೂತ್ಕೋ. ಶೂ ಬಿಚ್ಚೋದೇನೂ ಬೇಡ, ಬೇಗ ಮುಗಿಸಿ ಹೊರಡು.

ಒಳಗೇನು ನೋಡ್ತೀಯ? ನಿಮ್ಮಕ್ಕ ಮಲಗಿದ್ದಾಳೆ. ತಲೆನೋವು. ಎಬ್ಬಿಸ್ಬೇಡ ಅಂದಿದ್ದಾಳೆ... ಬಾಗಿಲಿಗೆ ಬೀಗ ಯಾಕೆ ಅಂದ್ರೆ? ಗಾಳಿಗೆ ದಡಾರ್ ಅಂತ ಬಡ್ಕೊಳ್ಳುತ್ತೆ ಕಣಯ್ಯ, ಅದಕ್ಕೆ! ಇಲ್ಲಿ ನೋಡು, ಇಲ್ಲಿ.

ಆನ್ ಆಗುತ್ತೆ. ಸ್ವಲ್ಪ ಹೊತ್ತು ಸರಿಯಾಗೇ ಇರುತ್ತೆ. ಆಮೇಲೆ ಹಸಿರು ಗೆರೆ, ಗೆರೆ ಮೇಲೆ ಗೆರೆ, ಪರದೆಯೆಲ್ಲ ನೀಲಿ... ಫಟ್! ಮತ್ತೆ ತಾನೇ ಆನ್ ಆಗುತ್ತೆ, ಮತ್ತೆ ಸಾಯುತ್ತೆ. ನಾನೇನೂ ಸುಮ್ನೆ ಕೂತಿಲ್ಲ. ನಿನ್ನ ಡ್ರೈವರ್ ಕಿತ್ತೆ, ಹಳೇದು ಹಾಕ್ದೆ. ಅದನ್ನೂ ಕಿತ್ತೆ. ಬೆಳಿಗ್ಗೆಯಿಂದ ಇದೇ ಆಯ್ತು.

ಯಾಕೆ ನಗ್ತೀಯ? ಭಾವನಿಗೆ ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ಲ ಅಂತಾನಾ? ನಗು, ನಗು. ನಂಗೆ ಗೊತ್ತಿರೋ ರಿಪೇರಿ ಒಂದೇ. ತೆಗೆದು ಒಂದು ಬಿಡೋದು! ಹಳೇ ಟಿವಿ ಹಾಗೇ ಸರಿಹೋಗ್ತಿತ್ತು. ಫ್ರಿಜ್ ಬಾಗಿಲು ಹಾಗೇ ಸರಿಹೋಯ್ತು. ಕೆಲವಕ್ಕೆ ಏಟು ಬಿದ್ರೇನೇ ಬುದ್ಧಿ.

ಏ, ಹಿಂದಕ್ಕೆ ಯಾಕೆ ಕೈ ಹಾಕ್ತೀಯ? ಡ್ರೈವರ್ ತೊಂದರೆ ಅಂದ್ನಲ್ಲ! ಪರದೆ ಮೇಲಿಂದಾನೇ ಸರಿಮಾಡು.

...ಹೌದು, ತಗಡು ಮುಚ್ಚಿದೆ. ಮುಚ್ಚಿದೀನಿ. ಸಿಪಿಯು ಡಬ್ಬದ ಪಕ್ಕದ ತಗಡು ಮುಚ್ಚಿದ್ರೆ ತಪ್ಪೇನು? ನೀನು ಮುಚ್ಬೇಡ ಅಂದಿದ್ದೆ, ಗೊತ್ತು. ಬಿಸಿ ಆಗುತ್ತೆ, ತೆಗೆದೇ ಇಡಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿ ಅಂದಿದ್ದೆ. ಇಷ್ಟು ದಿನ ಹಾಗೇ ಇತ್ತಪ್ಪ, ಹೊಟ್ಟೆ ಬಗೆದಿಟ್ಟ ಹಾಗೆ! ನೋಡಿ ನೋಡಿ ಬೇಜಾರಾಯ್ತು. ಅಟ್ಟದಿಂದ ತಗಡು ಇಳಿಸಿ ಹಾಕ್ದೆ. ಧೂಳು ಹೋಗುತ್ತೆ ಅಂತ. ಸ್ಕ್ರೂ ಸಿಗ್ಲಿಲ್ಲ, ಬೀರುವಿಂದ ಕಿತ್ತು ಹಾಕ್ದೆ. ಅದಕ್ಕೇ ನೆಟ್ಟಗೆ ಕೂತಿಲ್ಲ.

ಬಿಚ್ಬೇಡ.

ಬಿಚ್ಬೇಡ ಅಂದೆ! ನನ್ನ ಮನೇಲಿ ನಿಂತು... ಏ, ತಳ್ತೀಯಾ? ನನ್ನೇ ತಳ್ತೀಯಾ? ಕೈ ಮುರೀತೀನಿ ನೋಡು!

...ಸರಿ. ನೋಡ್ಕೋ. ಏನಿದೆ ಅಲ್ಲಿ? ಏನೂ ಇಲ್ಲ.

ಒಳಗಿನ ಫ್ಯಾನಿಗೆ ಕೂದಲು ಸುತ್ಕೊಂಡಿದೆ, ಅಷ್ಟೇ. ಹೆಂಗಸಿರೋ ಮನೆ, ಕೂದಲು ಎಲ್ಲಿರಲ್ಲ? ಪರದೆಗೆ ಚಿತ್ರ ಕಳ್ಸೋ ಆ ಕಾರ್ಡ್ ವಾಲಿರೋದಾ... ಏನೋ ತಗುಲಿರಬೇಕು. ಅಂಚಲ್ಲಿ ಇರೋದು ತುಕ್ಕು. ತುಕ್ಕು ಕಣೋ! ಹೊಸ ಕಾರ್ಡಿಗೆ ತುಕ್ಕು ಹಿಡಿಯಲ್ವಾ?

ಹಾಗೆ ನೋಡ್ಬೇಡ.

ಕೇಳು... ಬೆಳಿಗ್ಗೆ ನಿಮ್ಮಕ್ಕನ್ನ ತಿಂಡಿಗೆ ಕರೆದೆ. ಯಾರದ್ದೋ ಮದುವೆ ವಿಡಿಯೋ ಕತ್ತರಿಸ್ತಾ ಕೂತಿದ್ಲು, ಕಿವಿಗೆ ಹೆಡ್‌ಫೋನ್. ಮತ್ತೆ ಕರೆದೆ. ಗಂಡ ಅಂತ ಒಬ್ಬ ಇದ್ದಾನೆ ಅನ್ನೋದೇ ಬೇಡ್ವಾ? ತಿರುಗಿ 'ಒಂದ್ನಿಮಿಷ' ಅಂದ್ಲು. ಬರೀ ಒಂದ್ನಿಮಿಷ, ಯಾವಾಗ್ಲೂ ಒಂದ್ನಿಮಿಷ! ಜುಟ್ಟು ಹಿಡಿದೆ. ಹಿಡಿದು ಬಗ್ಗಿಸ್ದೆ, ಅಷ್ಟೇ. ತಗಡು ಇದ್ದಿದ್ರೆ ತಲೆ ತಗಡಿಗೆ ಬಡೀತಿತ್ತು. ತೆಗೆದಿಡಿ ಅಂದೋನು ನೀನು! ಫ್ಯಾನು ತಿರುಗ್ತಾನೇ ಇತ್ತು...

ಬಯ್ಯಿ! ಸ್ಕ್ರೂಡ್ರೈವರ್ ಯಾಕೆ ಹಾಗೆ ಹಿಡ್ಕೊಂಡಿದ್ದೀಯ? ಚುಚ್ತೀಯಾ? ಚುಚ್ಚು ಬಾ. ಧೈರ್ಯ ಇದ್ಯಾ ನಿಂಗೆ? ಹೋದ ವಾರ ಎಲ್ಲಿ ಹೋಗಿತ್ತು ಈ ಕೋಪ? ಅವಳ ಕುತ್ತಿಗೆ ಮೇಲೆ ನನ್ನ ಬೆರಳಿನ ಗುರುತು ನೀನು ನೋಡ್ದೆ. ನೀನು ನೋಡಿದ್ದನ್ನ ನಾನು ನೋಡ್ದೆ. ನೋಡಿ ಏನ್ ಮಾಡ್ದೆ? ಬಗ್ಗಿ ಡ್ರೈವರ್ ಹಾಕ್ದೆ! ಟೀ ಕುಡ್ದೆ, 'ಬರ್ತೀನಿ ಭಾವ' ಅಂದೆ, ಹೋದೆ. ನೀನು ಸುಮ್ಮನಿದ್ದಿದ್ದೇ ನಂಗೆ ಪರ್ವಾನಗಿ ಆಯ್ತಲ್ಲೋ!

ಒಳಗೆ ಮಲಗಿಸಿ ಬೀಗ ಹಾಕ್ದೆ. ಮಧ್ಯಾಹ್ನದವರೆಗೆ ನರಳ್ತಾ ಇದ್ಲು. ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡೆ. ಈ ಕಂಪ್ಯೂಟರು ಸರಿಹೋದ್ರೆ ಎದ್ದು ಬಂದು ಕೆಲಸಕ್ಕೆ ಕೂತ್ಕೋತಾಳೆ ಅಂದ್ಕೊಂಡೆ... ಈಗ ಕೇಳಿಸ್ತಿಲ್ಲ.

ತಗೋ ಬೀಗದ ಕೈ. ನನ್ನ ಕಾಲು ಆ ಕಡೆ ಹೋಗ್ತಿಲ್ಲ. ನನ್ನ ಮುಖ ನೋಡ್ತಾ ನಿಲ್ಬೇಡ, ಈ ಸಲಾನೂ ಸುಮ್ನೆ ಹೋಗ್ಬೇಡ.

ಹೋಗು. ಬಾಗಿಲು ತೆಗಿ.