ಹುಳುಮನೆ ಬಾಗಿಲಿನ ಚಪ್ಪಲಿ

...ಅಯ್ಯೋ, ಶಾಲು ತೆಗೀಬೇಡಿ ಸರ್! ಪೇಟನೂ ಇರಲಿ. ನಿಮಗೇ ಹೊಲಿಸಿದ ಹಾಗಿದೆ. ಹಣ್ಣಿನ ಬುಟ್ಟಿ ಹಿಂದಿನ ಸೀಟಲ್ಲಿಡಿ. ಹಾಂ, ಬೆಲ್ಟ್. ಯಾಕೆ ನಗ್ತೀರಿ? ರಿಟೈರಾದ ಇನ್ಸ್‌ಪೆಕ್ಟರಿಗೂ ಬೆಲ್ಟ್ ಕಡ್ಡಾಯ. ಬೆಳಿಗ್ಗೆ ಕಾಲೇಜಲ್ಲಿ ಪಾಠ, ಮಧ್ಯಾಹ್ನ ನಿಮ್ಮ ಸನ್ಮಾನಕ್ಕೆ ನಿರೂಪಣೆ, ಈಗ ನಿಮ್ಮ ಡ್ರೈವರ್ರೂ ನಾನೇ. ಸಿದ್ದೇಶ್ವರ ಸರ್‌ನ ಹಾಸನಕ್ಕೆ ನಾನೇ ಬಿಡ್ತೀನಿ ಅಂತ ಸಂಘದವರ ಹತ್ರ ಹಟ ಮಾಡಿದೆ.

ಚನ್ನರಾಯಪಟ್ಟಣದಲ್ಲಿ ಅಷ್ಟು ಜನ ಸೇರ್ತಾರೆ ಅಂದ್ಕೊಂಡಿದ್ರಾ? ಒಂದು ಸೀರಿಯಲ್ ಏನೆಲ್ಲಾ ಮಾಡುತ್ತೆ ನೋಡಿ! ಮೊನ್ನೆವರೆಗೂ ವಾಕಿಂಗ್ ಹೋದ್ರೆ ಬೀದಿನಾಯಿ ಮಾತ್ರ ಗುರುತು ಹಿಡೀತಿತ್ತು. ಈಗ ಸೆಲ್ಫಿ! ...ತಮಾಷೆಗೆ ಅಂದೆ ಸರ್. ನಗಿ.

ನೋಡಿದೆ. ಎಲ್ಲಾ ಎಪಿಸೋಡೂ ನೋಡಿದೆ. 'ನಿಜ ಘಟನೆ ಆಧಾರಿತ' ಅಂತ ಶುರೂನಲ್ಲಿ ಇಷ್ಟು ದೊಡ್ಡ ಅಕ್ಷರ. 'ಎಲ್ಲವೂ ಕಾಲ್ಪನಿಕ' ಅಂತ ಕೊನೇಲಿ ಇರುವೆ ಗಾತ್ರದ ಅಕ್ಷರ. ಮಧ್ಯೆ ನೀವು. ಅಲ್ಲಲ್ಲ, ನಿಮ್ಮ ಪಾತ್ರ ಮಾಡಿದ ಆ ಹುಡುಗ. ಹೊಟ್ಟೆ ಇಲ್ಲ, ಕನ್ನಡಕ ಇದೆ. ನೀವು ಎನ್‌ಕೌಂಟರ್ ಮಾಡಿದ ಆ ಭೀಮ ದುದ್ದದ ರಸ್ತೇಲಿ ಬೈಕಿಂದ ಹಾರ್ತಾನೆ, ಹಾರ್ತಾ ಹಾರ್ತಾನೇ ಜೀಪಿಗೆ ಗುಂಡು ಹೊಡೀತಾನೆ, ನೀವು ಆತ್ಮರಕ್ಷಣೆಗೆ... ನಿಮ್ಮ ರಿಪೋರ್ಟೂ ಅದೇ ಅಲ್ವಾ? ಹಾರೋದೊಂದು ಬಿಟ್ಟು. ಹೌದು, ರಿಪೋರ್ಟೂ ಓದಿದೀನಿ. ಓದೋದು ನನ್ನ ಚಾಳಿ.

ಇಲ್ಲ ಇಲ್ಲ, ದಾರಿ ತಪ್ಪಿಲ್ಲ. ಹೈವೇಲಿ ಏನೋ ರಿಪೇರಿಯಂತೆ, ದಂಡಿಗನಹಳ್ಳಿ ಕಡೆಯಿಂದ ಹೋಗೋಣ. ಈ ಕಡೆ ಬಂದಿದೀರಾ ಯಾವತ್ತಾದ್ರೂ? ಇಲ್ವಾ? ಒಂದ್ಸಲನೂ? ಸರಿ, ಹಾಗಾದ್ರೆ ಊರು ನೋಡಿದ ಹಾಗಾಗುತ್ತೆ.

ಸೀರಿಯಲ್‌ನಲ್ಲಿ ನನಗೆ ಇಷ್ಟವಾಗಿದ್ದು ಭೀಮನ ತಂಗಿ ಪಾತ್ರ. ಹೆಣದ ಮೇಲೆ ಬಿದ್ದು ಅಳೋವಾಗಲೂ ಲಿಪ್‌ಸ್ಟಿಕ್ ಅಳಿಸಲ್ಲ! ನಿಜವಾಗಿಯೂ ಭೀಮನಿಗೆ ಒಬ್ಬಳು ತಂಗಿ ಇದ್ದಳಲ್ಲ? ಪಿಯುಸಿ ಹುಡುಗಿ. ದೂರು ಕೊಡೋಕೆ ಸ್ಟೇಷನ್ ಮೆಟ್ಟಿಲ ಮೇಲೆ ಅವಳೂ ಅವಳ ತಾಯೀನೂ ಇಡೀ ದಿನ ಕೂತಿದ್ರಂತೆ, ನೀವು ಲಾಠೀಲಿ ಗೇಟು ತೋರಿಸಿದ್ರಂತೆ. ನೆನಪಿಲ್ವಾ? ಪಾಪ, ನಿಮಗೆ ಎಷ್ಟು ಜನ ಬರ್ತಿದ್ರೋ.

ಆದ್ರೆ ಇವತ್ತಿನ ಭಾಷಣ! ಸಿಳ್ಳೆ ಹೊಡೆದ್ರಲ್ಲ ಜನ, ಯಾವ ಮಾತಿಗೆ ಹೇಳಿ? ನಾನು ಮೈಕಲ್ಲಿ ಕೇಳಿದೆ: ಸೀರಿಯಲ್‌ನವರಿಗೆ ಗೊತ್ತಿಲ್ಲದ ಒಂದು ಸತ್ಯ ಹೇಳಿ ಸರ್, ಆ ನಟ ನಿಮ್ಮ ಅರ್ಧದಷ್ಟೂ ಇಲ್ಲ. ಕೊನೇ ಮಾತಿಗೆ ನಿಮ್ಮ ಮುಖ ಅರಳಿತು ನೋಡಿ, ಅಬ್ಬಾ! ಆಗ ನೀವಂದ್ರಿ, 'ಆ ಬೈಕು, ಬೂಟು ಎಲ್ಲಾ ಬೊಗಳೆ ಕಣ್ರಯ್ಯ. ಅವನು ಬರಿಗಾಲಲ್ಲಿದ್ದ. ಚಪ್ಪಲಿ ಹುಳುಮನೆ ಬಾಗಿಲಲ್ಲಿ ಬಿಟ್ಟಿದ್ದ. ಆ ಚಪ್ಪಲಿ ನೋಡೇ ಅವನು ಒಳಗಿದಾನೆ ಅಂತ ನಾನು ಕಂಡುಹಿಡಿದಿದ್ದು.' ಚಪ್ಪಾಳೆಯೋ ಚಪ್ಪಾಳೆ!

ಯಾಕೆ ಸರ್, ನೀರು ಬೇಕಾ? ಬಾಟ್ಲಿ ಅಲ್ಲೇ ಇದೆ.

ಅಲ್ಲ, ನನಗೊಂದು ಸಣ್ಣ ಅನುಮಾನ. ರೇಷ್ಮೆ ಹುಳು ಸಾಕೋ ಮನೆಗೆ ಯಾರೂ ಚಪ್ಪಲಿ ಹಾಕ್ಕೊಂಡು ಹೋಗಲ್ಲ. ಹುಳಕ್ಕೆ ರೋಗ ತಗಲುತ್ತೆ ಅಂತ ಬಾಗಿಲಲ್ಲಿ ಸುಣ್ಣದ ಪುಡಿ ಹಾಸಿರ್ತಾರೆ, ಅದನ್ನ ತುಳಿದೇ ಒಳಗೆ ಹೋಗಬೇಕು. ಅಂದ್ರೆ ಅವನು ಹುಳಕ್ಕೆ ಸೊಪ್ಪು ಹಾಕ್ತಿದ್ದ. ಕೈಯಲ್ಲಿ ಸೊಪ್ಪು. ಅವನ ತಾಯಿ ಹೆಣ ತೊಳೆಯೋವಾಗ ಅಂಗಾಲಲ್ಲಿ ಸುಣ್ಣ ಕಂಡಳಂತೆ. ದುದ್ದದ ಟಾರು ರಸ್ತೇಲಿ ನನ್ ಮಗನ ಕಾಲಿಗೆ ಸುಣ್ಣ ಎಲ್ಲಿಂದ ಬಂತು ಅಂತ ಕಂಡಕಂಡವರನ್ನೆಲ್ಲಾ ಕೇಳಿದ್ಲು. ತಲೆ ಕೆಟ್ಟಿದೆ ಅಂದ್ರು. ನೀವೂ ಅಂದ್ರಿ. ಈಗ ನೀವೇ ಮೈಕಲ್ಲಿ ಉತ್ತರ ಕೊಟ್ಟಿದೀರಿ.

ಫೋನ್ ಯಾರಿಗೆ? ಮಾಡಿ, ಮಾಡಿ. ಸಿಗ್ನಲ್ ಸಿಗಲ್ಲ ಇಲ್ಲಿ. ನಾನೇನೂ ಕದ್ದು ರೆಕಾರ್ಡ್ ಮಾಡಿಲ್ಲ ಸರ್. ನಿಮ್ಮ ಅಭಿಮಾನಿಗಳೇ ಲೈವ್ ಬಿಟ್ಟಿದಾರೆ. ನಮ್ಮ ವಕೀಲರು ಹಾಸನದಲ್ಲಿ ಕೂತು ನೋಡಿದ್ರು. ಅವರಿಗೆ ಹೂವಿನ ಹಾರಕ್ಕಿಂತ ಆ ಒಂದು ಮಾತು ಹಿಡಿಸಿತಂತೆ.

ಇಗೋ, ಬಂದೇಬಿಡ್ತು. ಒಂದೇ ನಿಮಿಷ, ಇಲ್ಲೊಬ್ಬರನ್ನ ಮಾತಾಡಿಸಿ ಹೋಗೋಣ.

...ಸರ್?

ಏನು ಸರ್, ಪೇಟ ಯಾಕೆ ತೆಗೆದ್ರಿ? ಹಳೇ ಹೆಂಚಿನ ಮನೆ, ಸುತ್ತ ಒಂದಿಷ್ಟು ಹಿಪ್ಪುನೇರಳೆ. ಇಂಥವು ತಾಲ್ಲೂಕಲ್ಲಿ ಎಷ್ಟಿಲ್ಲ? ಯಾರ ಮನೆ ಅಂತ ನಾನಿನ್ನೂ ಹೇಳೇ ಇಲ್ಲ! ಈ ಕಡೆ ಬಂದೇ ಇಲ್ಲ ಅಂದ್ರಲ್ಲ? ಬಂದೇ ಇಲ್ಲದ ಮನೆ ನೋಡಿ ಹಿಂಗ್ಯಾಕೆ ಬೆವರ್ತೀರಿ?

ನನ್ನ ಮುಖ ನೋಡಬೇಡಿ. ಈಗ ಹುಡುಕಿದ್ರೂ ಅಲ್ಲಿ ಆ ಪಿಯುಸಿ ಹುಡುಗಿ ಸಿಗಲ್ಲ. ಆಮಂತ್ರಣದಲ್ಲಿ ಓದಿದ್ರಲ್ಲ, ನಿರೂಪಣೆ ಸಿ. ಶಾಂತಿ ಅಂತ. ಸಿ ಅಂದ್ರೆ ಏನು ಅಂತ ಒಬ್ಬರಾದ್ರೂ ಕೇಳಿದ್ರಾ? ಚಲುವಯ್ಯ. ಭೀಮನ ಅಪ್ಪ. ನನ್ನ ಅಪ್ಪ.

ನಮ್ಮಣ್ಣ ದೇವರೇನಲ್ಲ. ಹೊಡೆದಾಟದ ಎರಡು ಕೇಸಿತ್ತು, ಬಾಯಿ ಜೋರು, ಮರಳು ಲಾರಿ ಅಡ್ಡ ಹಾಕ್ತಿದ್ದ. ಆ ಲಾರಿ ಯಾರದು ಅಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನೆಲ್ಲಾ ಕೋರ್ಟಲ್ಲಿ ಮಾತಾಡೋಣ.

ಹೆದರ್ಬೇಡಿ, ಇಳೀರಿ. ನಮ್ಮನೇಲಿ ಬಂದೂಕಿಲ್ಲ. ಅವತ್ತೂ ಇರಲಿಲ್ಲ.

ಅವ್ವಾ! ನಾನೇ ಕಣವ್ವ. ಕರ್ಕಂಡ್ ಬಂದಿವ್ನಿ. ನೀ ಅಲ್ಲೇ ಕೂತಿರು, ಏಳ್ಬ್ಯಾಡ.

ನೋಡಿ ಸರ್, ಹುಳುಮನೆ ಬಾಗಿಲ ಪಕ್ಕ, ಸುಣ್ಣದ ಈಚೆ. ಒಂದು ಜೊತೆ ಹವಾಯಿ ಚಪ್ಪಲಿ. ಅವ್ವ ಅದನ್ನ ಅಲ್ಲಿಂದ ಎತ್ತೋಕೆ ಯಾರನ್ನೂ ಬಿಟ್ಟಿಲ್ಲ. ಅವ್ವನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವಳ ಮುಂದೆ ಒಂದು ಸಲ ಹೇಳಿಬಿಡಿ: ಈ ಚಪ್ಪಲಿ ನಾನು ಯಾವತ್ತೂ ನೋಡಿಲ್ಲ ತಾಯಿ, ನಿನ್ನ ಮಗ ಸತ್ತಿದ್ದು ದುದ್ದದ ರಸ್ತೇಲಿ ಅಂತ. ಅಷ್ಟೇ. ಹೇಳಿದ್ರೆ ಈಗಲೇ ಕಾರು ತಿರುಗಿಸ್ತೀನಿ, ನಿಮ್ಮ ಮನೆ ಬಾಗಿಲಿಗೇ ಬಿಡ್ತೀನಿ.

ಹೇಳಿ.

...ಸಾವಿರ ಜನದ ಮುಂದೆ ಅಷ್ಟು ಚೆನ್ನಾಗಿ ಮಾತಾಡಿದ್ರಲ್ಲ ಸರ್. ಇಲ್ಲಿ ಇರೋದು ಒಬ್ಬಳು ಮುದುಕಿ.

...

ಅವ್ವಾ, ಕೇಳಿಸ್ಕಂಡ್ಯಾ?