ಒಗ್ಗರಣೆ ಇಲ್ಲದ ಸಾರು

ಹಂಗಲ್ಲ ಕಣ್ರೋ, ಒಗ್ಗರಣೆ ಮರೆತಿದ್ದಲ್ಲ, ಬೇಕಂತ್ಲೇ ಹಾಕಿರ್ಲಿಲ್ಲ. ನಾನಾಗ ಮೂರನೇ ಕ್ಲಾಸು, ಅಲ್ಲ ತಡಿ, ನಾಕನೇದು, ಯಾಕಂದ್ರೆ ಸೀನಂಗೂ ಆಗ ನಾಕು ವರ್ಷ. ಸೀನ ಅಂದ್ರೆ ನನ್ನ ತಮ್ಮ, ನೀವ್ಯಾರೂ ನೋಡಿಲ್ಲ. ನಮ್ಮೂರು ಇಟ್ಟಮಡು ಆಗ ಬರೀ ಹೊಲ, ಸ್ಕೂಲು ಅಂದ್ರೆ ಒಂದೇ ಕೋಣೆ. ಜಾಗ ಒಬ್ರು ಕೊಟ್ರು, ಹೆಂಚು ಇನ್ನೊಬ್ರು, ಗೋಡೆ ಊರೋರೇ ಎಬ್ಬಿಸಿದ್ರು. ಮಕ್ಕಳು ಹಸ್ಕೊಂಡು ಮಧ್ಯಾಹ್ನಕ್ಕೇ ಓಡಿಹೋಗ್ತಾವೆ ಅಂತ ಮೇಷ್ಟ್ರು ಮನೆಮನೆಗೂ ಹೋಗಿ ಸರದಿ ಗೊತ್ತು ಮಾಡಿದ್ರು. ಮುದ್ದೆ ಸ್ಕೂಲ್ ಪಕ್ಕದ ಮನೆ ನಿಂಗಮ್ಮ ತೊಳಸ್ತಾಳೆ, ಸಾರು ದಿನಕ್ಕೊಂದು ಮನೆಯಿಂದ. ಹಂಗೇ ಇನ್ನೊಂದು ಮಾತೂ ಇಸ್ಕೊಂಡಿದ್ರು, ಯಾರ ಮನೇಲಾದ್ರೂ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ರೆ ಮೊದ್ಲು ಸ್ಕೂಲಿಗೆ ಹೇಳಿಕಳಿಸ್ಬೇಕು, ಅವರು ಬಸವನಗುಡಿಗೆ ಹೋಗಿ ದಾಕು ಹಾಕೋರನ್ನ ಕರ್ಕೊಂಡು ಬರ್ತಾರೆ. ದಾಕು ಅಂದ್ರೆ ಸಿಡುಬಿನ ಸೂಜಿ. ಎಲ್ಲಾರೂ ಹೂಂ ಅಂದ್ರು. ನಮ್ಮಜ್ಜೀನೂ ಹೂಂ ಅಂದ್ಳು, ಅವಳ ಹೂಂ ಬಾಯಿಮಾತಿಗೆ ಅಷ್ಟೇ.

ಸೀನಂಗೆ ಎರಡು ದಿನ ಜ್ವರ ಕೆಂಡ ಕೆಂಡ, ಮೂರನೇ ದಿನ ಮುಖದ ಮೇಲೆ ಗುಳ್ಳೆ. ಸಿಡುಬು ಅಂತ ಬಾಯಲ್ಲಿ ಅನ್ನಂಗಿರ್ಲಿಲ್ಲ ಆಗ, ‘ಅಮ್ಮ ಬಂದವ್ಳೆ’ ಅನ್ಬೇಕು, ದೇವರಲ್ವಾ ಅವಳು. ಅಮ್ಮ ಬಂದ ಮನೇಲಿ ಒಗ್ಗರಣೆ ಹಾಕಂಗಿಲ್ಲ, ಆ ಘಾಟು ಅವಳಿಗಾಗಲ್ಲ. ಬಾಗಿಲಿಗೆ ಬೇವಿನಸೊಪ್ಪು ಕಟ್ಬೇಕು. ನಮ್ಮಜ್ಜಿ ಕಟ್ಟಲಿಲ್ಲ, ಒಳಗೆ ಸೀನನ ತಲೆದೆಸೇಲಿ ಇಟ್ಳು. ಊರಿಗೆ ಗೊತ್ತಾದ್ರೆ ಸೂಜಿ ಬರ್ತದೆ, ಸೂಜಿ ಬಂದ್ರೆ ಅಮ್ಮ ಮುನಿಸ್ಕೋತಾಳೆ ಅಂತ. ಗ್ರಹಚಾರ ನೋಡಿ, ಮಾರನೇ ದಿನ ಸಾರಿನ ಸರದಿ ನಮ್ದೇ. ಅವ್ವ ಅಂದ್ಳು, ‘ಬ್ಯಾಡ ಅತ್ತೆ, ಈ ಮನೆ ಸಾರು ಮಕ್ಕಳಿಗೆ ಬ್ಯಾಡ.’ ಅಜ್ಜಿ, ‘ಸರದಿ ತಪ್ಪಿಸಿದ್ರೆ ಯಾಕೆ ಅಂತ ಕೇಳ್ಕೊಂಡು ಬಾಗಿಲಿಗೇ ಬರ್ತಾರೆ. ಸುಮ್ನೆ ಮಾಡು.’ ಆಮೇಲೆ ನನ್ನ ಗಲ್ಲ ಹಿಡ್ಕೊಂಡು, ‘ನೀನೇನಾದ್ರೂ ಬಾಯಿ ಬಿಟ್ಯೋ, ಅಮ್ಮ ನಿನ್ ತಮ್ಮನ್ನ ಕರ್ಕೊಂಡೋಗ್ತಾಳೆ’ ಅಂದ್ಳು.

ಪಾತ್ರೆ ಹೊತ್ಕೊಂಡು ನಾನೇ ಹೋದೆ. ಮಕ್ಕಳೆಲ್ಲ ಸಾಲಾಗಿ ಕೂತಿದ್ವು, ತಟ್ಟೇಲಿ ಮುದ್ದೆ ಬಿದ್ದಿತ್ತು. ನಿಂಗಮ್ಮ ಮುಚ್ಚಳ ತೆಗೆದ್ಳು, ಸೌಟು ಹಾಕಿದ್ಳು, ಹಂಗೇ ನಿಂತ್ಳು. ಸಾಸಿವೆ ಇಲ್ಲ, ಕರಿಬೇವಿಲ್ಲ, ಎಣ್ಣೆ ಜಿಡ್ಡಿಲ್ಲ. ‘ಏನೇ ಗೌರಿ, ನಿಮ್ಮವ್ವ ಒಗ್ಗರಣೆ ಹಾಕಿಲ್ವಾ?’ ‘ಎಣ್ಣೆ ಮುಗಿದಿತ್ತು’ ಅಂದೆ. ಅವಳು ಬೈಲಿಲ್ಲ ನೋಡಿ. ಸೌಟು ಹೊರಗೆ ತೆಗೆದ್ಳು, ಮುಚ್ಚಳ ಮುಚ್ಚಿದ್ಳು, ನನ್ನ ಹತ್ರ ಬಗ್ಗಿ ಮೆಲ್ಲಗೆ ಕೇಳಿದ್ಳು, ‘ಯಾರಿಗವ್ವಾ?’ ಅಷ್ಟೇ. ಹೇಳಿದ್ರೆ ಸೀನ ಸತ್ತೇ ಹೋಗ್ತಾನೆ ಅಂತ ಗೊತ್ತಿದ್ದೂ, ಗೊತ್ತಿದ್ದೂ ಅಂದ್ರೆ ನಾನು ಹಂಗೆ ನಂಬಿದ್ದೆ, ಆ ಸಾಲು ಮಕ್ಕಳನ್ನ ನೋಡಿ ಅಳು ಬಂದ್ಬಿಡ್ತು. ‘ಸೀನಂಗೆ’ ಅಂದೆ.

ಸಾರು ತಿಪ್ಪೆಗೆ ಹೋಯ್ತು. ಮಕ್ಕಳು ಮುದ್ದೇನ ಉಪ್ಪುನೀರಲ್ಲಿ ಅದ್ಕೊಂಡು ನುಂಗಿದ್ವು. ಮೇಷ್ಟ್ರು ಸೈಕಲ್ ಹತ್ತಿದವರು ಸಂಜೆ ಒಳಗೆ ದಾಕು ಹಾಕೋರ ಜೊತೆ ಬಂದ್ರು, ಊರೋರೇ ಮನೆಮನೆ ನುಗ್ಗಿ ಮಕ್ಕಳನ್ನ ಎಳ್ಕೊಂಡು ಬಂದು ತೋಳು ಹಿಡಿದ್ರು. ಸ್ಕೂಲಿನ ಒಂದು ಮಗೂಗೂ ಬರ್ಲಿಲ್ಲ. ನಮ್ಮನೆ ಒಳಗೆ ಯಾರೂ ಕಾಲಿಡಂಗಿಲ್ಲ, ನಾವೂ ಆಚೆ ಬರಂಗಿಲ್ಲ, ಆದ್ರೂ ಅದೇ ಸರದಿ ಪ್ರಕಾರ ದಿನಾ ಯಾರೋ ಅಂಗಳದಲ್ಲಿ ಸಾರು ಇಟ್ಟು ಹೋಗೋರು, ಅದಕ್ಕೂ ಒಗ್ಗರಣೆ ಇರ್ತಿರ್ಲಿಲ್ಲ. ದಾಕು ಹಾಕೋರು ಸೀನನ ತೋಳು ತಿರುಗಿಸಿ ನೋಡಿ ಅವ್ವಂಗೆ ಅಂದ್ರು, ‘ಹೋದ ವರ್ಷ ಬಂದಿದ್ವಲ್ಲಮ್ಮ, ಆಗ್ಲೇ ಹಾಕ್ಸಿದ್ರೆ ಇದು ಬರ್ತಿರ್ಲಿಲ್ಲ.’ ಹೋದ ವರ್ಷ ಅಜ್ಜಿ ಅವನನ್ನ ರಾಗಿ ಚೀಲದ ಹಿಂದೆ ಬಚ್ಚಿಟ್ಟಿದ್ಳು.

ಒಂಬತ್ತನೇ ದಿನ ಸೀನ ಹೋದ. ‘ನೀನು ಬಾಯಿ ಬಿಟ್ಟೆ’ ಅಂತ ಅಜ್ಜಿ ಸಾಯೋವರ್ಗೂ ನನ್ನ ಕೈ ನೀರು ಮುಟ್ಟಲಿಲ್ಲ. ನಾನೂ ಮದುವೆ ಆಗಿ ಮಗು ಆಗೋವರ್ಗೂ ಹಂಗೇ ಅಂದ್ಕೊಂಡಿದ್ದೆ, ನಿಮ್ಮಪ್ಪಂಗೆ ದಾಕು ಹಾಕ್ಸೋಕೆ ಹೋದಾಗ್ಲೇ ಸೀನ ಹೋಗಿದ್ದು ಸೂಜಿ ತಪ್ಪಿಸಿದ್ದಕ್ಕೆ, ನಾನು ಹೇಳಿದ್ದಕ್ಕಲ್ಲ ಅಂತ ನಂಗೆ ಸರಿಯಾಗಿ ಅರ್ಥ ಆಗಿದ್ದು. ಅದಕ್ಕೇ ಹೇಳೋದು, ಮನೇಲಿ ಯಾರಿಗೆ ಏನೇ ಆಗಿರ್ಲಿ, ಸ್ಕೂಲಲ್ಲಿ ನೀವಾಗೇ ಹೇಳ್ಬಿಡಿ, ಅವರು ಕೇಳೋವರ್ಗೂ ಕಾಯ್ಬೇಡಿ.