ಫೈಲಿನ ಮೊದಲ ಸಾಲು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನಿರ್ದೇಶಕರೇ, ನಡುವಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಸಹೋದ್ಯೋಗಿಗಳೇ, ಸಭಿಕರೇ,

ನಿವೃತ್ತನಾಗುವವನ ಭಾಷಣ ಉದ್ದವಾದೀತೆಂದು ಹೆದರಬೇಡಿ. ಹತ್ತೇ ನಿಮಿಷಕ್ಕೆ ಮೈಕ್ ಆರಿಸುತ್ತೇನೆಂದು ಮೈಕಿನವರು ನನ್ನನ್ನೇ ಹೆದರಿಸಿಟ್ಟಿದ್ದಾರೆ.

ಅಧ್ಯಕ್ಷರು ಬಾಯಿ ತುಂಬ ಹೊಗಳಿದರು. ನಮ್ಮ ಸರ್ವರ್‌ಗಳು ಕುಂಟುತ್ತಿದ್ದಾಗ ಸರಿಯಾದ ಜಿಟ್ ಕಂಪೈಲರ್ ಬರೆದುಕೊಟ್ಟವನು ನಾನಂತೆ. ಮನೆಯವರೂ ಬಂದಿದ್ದೀರಿ, ನಿಮಗಾಗಿ ಹೇಳುತ್ತೇನೆ: ನಾವು ಬರೆದ ಪ್ರೋಗ್ರಾಮು ಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಅದು ಓಡುತ್ತಿರುವಾಗಲೇ, ಮತ್ತೆ ಮತ್ತೆ ಬರುವ ಭಾಗಗಳನ್ನು ಗುರುತಿಸಿ ಯಂತ್ರದ ಭಾಷೆಗೆ ತಿರುಗಿಸಿಟ್ಟುಕೊಳ್ಳುವ ಸಾಧನ ಇದು. ನಾನು ದಿನಾ ಕೇಳುವ ಪ್ರಶ್ನೆಗೆ ನನ್ನ ಹೆಂಡತಿ ಉತ್ತರ ಸಿದ್ಧ ಇಟ್ಟುಕೊಂಡಿರುತ್ತಾಳಲ್ಲ, ಹಾಗೆ.

ನಿಜವೆಂದರೆ, ಆಗ ನನ್ನೆದುರು ಬೇರೆಯವರು ಬರೆದ ಎರಡು ಕಂಪೈಲರ್‌ಗಳಿದ್ದವು. ಒಂದು ದೊಡ್ಡ ಕಂಪನಿಯದು. ಅದರ ಪರವಾನಗಿಯ ಮೂವತ್ತು ಪುಟ ಓದಿ ನಮ್ಮ ವಕೀಲರು ತಲೆ ಹಿಡಿದುಕೊಂಡು ಕೂತರು. ಇನ್ನೊಂದನ್ನು ಬರೆದವನು ನನ್ನ ಸಹಪಾಠಿ. ಒಂದು ಮಾತಿಗೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವಷ್ಟು ನಿಧಾನ, ಅದಕ್ಕೇ ಅವನನ್ನು ಆಮೆ ಎನ್ನುತ್ತಿದ್ದೆವು. ಎರಡರಲ್ಲಿ ವೇಗದ್ದು ಆಮೆಯದೇ! ಅದೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಮಾರಿ. ಷರತ್ತು ಒಂದೇ: ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಬರೆದವನ ಹೆಸರು ಹಾಗೇ ಇರಬೇಕು. "ಇನ್ನೇನೂ ಬೇಡ ಕಣೋ, ಆ ಒಂದು ಸಾಲು ಮಾತ್ರ ಅಳಿಸ್ಬೇಡ," ಎಂದಿದ್ದ.

ಅಳಿಸಿದೆ. ಬೇಕೆಂದೇ ಅಲ್ಲ. ಎಲ್ಲ ಫೈಲುಗಳ ಮೇಲೂ ಕಂಪನಿಯ ಹೆಸರು ಹಾಕಲು ನಾನೊಂದು ಸಣ್ಣ ಪ್ರೋಗ್ರಾಮು ಬರೆದೆ. ಅಲ್ಲಿ ಮೊದಲೇ ಇದ್ದುದನ್ನು ಅದು ಒರೆಸಿಹಾಕಿತು. ನಾನೂರ ಹನ್ನೆರಡು ಫೈಲು! ಗ್ರಾಹಕರೊಬ್ಬರ ಬಳಿ ನಮ್ಮ ಪ್ರತಿ ನೋಡಿ ಆಮೆ ಫೋನ್ ಮಾಡಿದ. "ಈ ವಾರ ಸರಿಮಾಡ್ತೀನಿ," ಎಂದೆ. ಹನ್ನೊಂದು ವರ್ಷ ಮಾಡಲಿಲ್ಲ. ಯಾಕೆ? ಅಷ್ಟರಲ್ಲಿ ನೀವೆಲ್ಲ ಅದನ್ನು ನಾನೇ ಬರೆದೆನೆಂದು ನಂಬಿದ್ದಿರಿ, ನಾನೂ ಅಲ್ಲವೆನ್ನಲಿಲ್ಲ.

ಮುಂದೆ ಅವನ ಕೆಲಸ ಹೋಯಿತು. ಇಲ್ಲಿಗೇ ಸಂದರ್ಶನಕ್ಕೆ ಬಂದ. ಎದುರು ಕೂತ ಮೂವರಲ್ಲಿ ನಾನೂ ಒಬ್ಬ. "ನೀವು ಓಡಿಸ್ತಿರೋ ಕಂಪೈಲರ್ ನಾನೇ ಬರ್ದಿದ್ದು," ಎಂದ. ಮ್ಯಾನೇಜರ್ ಫೈಲು ತೆರೆದರು. "ಎಲ್ಲಿದೆ ನಿಮ್ಮ ಹೆಸರು?" ಆಮೆ ನನ್ನ ಮುಖ ನೋಡಿದ. ನಾನು ನೀರು ಕುಡಿದೆ. ಒಂದು ಲೋಟ ನೀರನ್ನು ಅಷ್ಟು ಹೊತ್ತು ಕುಡಿದವನು ಈ ಸಭೆಯಲ್ಲಿ ಇನ್ನೊಬ್ಬನಿರಲಾರ. ಅವನು ಹೋದ ಮೇಲೆ, "ಎಂಥೆಂಥ ಸುಳ್ಳುಗಾರರು ಬರ್ತಾರಪ್ಪ!" ಎಂದು ಮ್ಯಾನೇಜರ್ ನಕ್ಕರು. ನಾಚಿಕೆಗೆಟ್ಟು ನಾನೂ ನಕ್ಕೆ.

ಹೋದ ತಿಂಗಳು ಆಮೆ ತೀರಿಕೊಂಡ. ಅವನ ಮಗಳು ನನ್ನನ್ನು ಕೇಳಿದಳು: "ದೊಡ್ಡಪ್ಪ, ಆ ಕಂಪೈಲರ್ ವಿಷ್ಯ ಅಪ್ಪ ಸುಳ್ಳು ಹೇಳ್ತಿದ್ರಾ?" ನನ್ನ ಬೀಳ್ಕೊಡುಗೆ ಸಮಾರಂಭಕ್ಕೆ ಬಾಮ್ಮ, ಅಲ್ಲಿ ಹೇಳ್ತೀನಿ, ಅಂದೆ.

ನಿನ್ನೆ ಕೂತು ಅಷ್ಟೂ ಫೈಲುಗಳಿಗೆ ಅವನ ಹೆಸರನ್ನು ಮತ್ತೆ ಸೇರಿಸಿ ಒಪ್ಪಿಗೆಗೆ ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: "ಈ ಹೆಸರಿನವರು ನಮ್ಮ ಸಂಸ್ಥೆಯಲ್ಲಿ ಯಾರೂ ಇಲ್ಲ. ತಿರಸ್ಕರಿಸಲಾಗಿದೆ." ನಿವೃತ್ತನೆಂದು ಮಧ್ಯಾಹ್ನಕ್ಕೆ ನನ್ನ ಪಾಸ್‌ವರ್ಡೂ ರದ್ದಾಯಿತು.

ಮಗಳೇ, ಕೊನೆಯ ಸಾಲಿನಲ್ಲಿ ಕೂತಿದ್ದೀಯ. ನಿಮ್ಮಪ್ಪ ಸುಳ್ಳು ಹೇಳಲಿಲ್ಲ. ಸುಳ್ಳುಗಾರ ನಾನು. ಅಧ್ಯಕ್ಷರು ಈಗ ನನಗೆ ಕೊಟ್ಟ ಈ ಸನ್ಮಾನ ಫಲಕವನ್ನು ನಿನ್ನ ಕೈಗಿಡೋಣ ಎಂದುಕೊಂಡಿದ್ದೆ. ನೋಡಿದರೆ, ಇದರ ಮೇಲೂ ನನ್ನ ಹೆಸರೇ ಇದೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಧನ್ಯವಾದ. ಇನ್ನು ಮೈಕ್ ಆರಿಸಬಹುದು. ನಮಸ್ಕಾರ.